ಮರಳಿನ ಮೇಲೆ ಅನುಮಾನ ಬಂದಾಗ: ಅಕ್ವೇರಿಯಂ ತಳದ ದೋಷ ಪತ್ತೆ ಹಚ್ಚುವ ಬಗೆ

ಹೊಸ ಮರಳು ಹಾಕಿದ ಮೇಲೆ ತೊಟ್ಟಿಯಲ್ಲಿ ಏನೇ ಎಡವಟ್ಟಾದರೂ ಮೊದಲು ಬೈಸಿಕೊಳ್ಳುವುದು ಮರಳೇ. ನೀರು ಕದಡಿದರೂ ಮರಳು, ಮೀನು ಮೇಲೆ ಬಂದು ಬಾಯಿ ಬಡಿದರೂ ಮರಳು, ಗಾಜಿಗೆ ಕಂದು ಪಾಚಿ ಹತ್ತಿದರೂ ಮರಳು. ಕೆಲವು ಸಲ ಆ ಬೈಗುಳ ನ್ಯಾಯವೇ. ಇನ್ನು ಕೆಲವು ಸಲ ತಪ್ಪು ನಲ್ಲಿ ನೀರಿನದು, ಅಲಂಕಾರಕ್ಕೆಂದು ಇಟ್ಟ ಕಲ್ಲಿನದು, ಇಲ್ಲವೇ ಇನ್ನೂ ಹದಕ್ಕೆ ಬಾರದ ಫಿಲ್ಟರಿನದು. ತೊಟ್ಟಿಯ ಮುಂದೆ ಕೂತು ಎಷ್ಟು ದಿಟ್ಟಿಸಿದರೂ ಇವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದಕ್ಕೇ ನಾನು ಮಾಡುವುದು ಇಷ್ಟು: ಯಾವುದರ ಮೇಲೆ ಅನುಮಾನವೋ ಅದನ್ನು ತೊಟ್ಟಿಯಿಂದ ಹೊರಗೆ ತಂದು ಒಂದು ಬಾಟಲಿಯಲ್ಲಿ ಒಂಟಿ ಮಾಡುತ್ತೇನೆ, ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ಬಾಟಲಿ ಇಡುತ್ತೇನೆ. ಕೆಳಗೆ ಬರುವ ಹೆಚ್ಚಿನ ಪರೀಕ್ಷೆಗಳು ಇದರದೇ ಬೇರೆ ಬೇರೆ ರೂಪ.

ಮೀನು ಈಗಲೇ ಒದ್ದಾಡುತ್ತಿದ್ದರೆ

ಪರೀಕ್ಷೆ ಆಮೇಲೆ. ಮರಳನ್ನು ಕೆದಕಬೇಡಿ, ಅದನ್ನು ಹೊರಗೆ ತೆಗೆಯಲೂ ಹೋಗಬೇಡಿ. ಕ್ಲೋರಿನ್ ತೆಗೆದ, ತೊಟ್ಟಿಯಷ್ಟೇ ಬೆಚ್ಚಗಿರುವ ನೀರಿನಿಂದ ಮೂರನೇ ಒಂದು ಭಾಗ ಬದಲಾಯಿಸಿ, ಗಾಳಿ ಪಂಪ್ ಜೋರು ಮಾಡಿ, ಅಮೋನಿಯಾ ಮತ್ತು ನೈಟ್ರೈಟ್ ಅಳೆಯಿರಿ. ಎರಡರಲ್ಲಿ ಒಂದು ಕಂಡರೂ ಸಮಸ್ಯೆ ಫಿಲ್ಟರಿನದು: ಈ ವಿಷಗಳನ್ನು ಒಡೆಯುವ ಬ್ಯಾಕ್ಟೀರಿಯಾ ಅಲ್ಲಿ ಸಾಲದಾಗಿದೆ. ಮರಳಿನ ವಿಚಾರಣೆ ನಾಲ್ಕು ದಿನ ಕಾಯಲಿ. ಎರಡೂ ಸೊನ್ನೆ ಇದ್ದು, ಮರಳು ಕೆದಕಿದ ಮೇಲೆಯೇ ಒದ್ದಾಟ ಶುರುವಾಗಿದ್ದರೆ ಕೆಳಗಿನ ‘ಕಪ್ಪು ಕಲೆ’ ಭಾಗಕ್ಕೆ ನೇರ ಹೋಗಿ.

ಪಿಎಚ್ ತಾನಾಗಿ ಏರುತ್ತಿದೆ

ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ. ಮರಳಿನಿಂದ ಬರುವ ತೊಂದರೆಗಳಲ್ಲಿ ಅತಿ ಮೋಸದ್ದು ಅದರ ಏರಿಕೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ನನ್ನ ಎರಡನೇ ತೊಟ್ಟಿಗೆ ಹೆಸರು ಗುರುತು ಏನೂ ಇಲ್ಲದ ಚೀಲದಲ್ಲಿ ಬಂದ ಬಿಳಿ ಮರಳು ಹಾಕಿದ್ದೆ. ಎಷ್ಟು ಚೆಂದವಿತ್ತೆಂದರೆ ಕಾರ್ಡಿನಲ್ ಟೆಟ್ರಾಗಳ ಕೆಂಪು ಅದರ ಮೇಲೆ ಹೊತ್ತಿ ಉರಿಯುವಂತೆ ಕಾಣುತ್ತಿತ್ತು. ಮೂರು ವಾರದಲ್ಲಿ ಆ ಕೆಂಪು ಮಂಕಾಯಿತು, ಮೀನುಗಳು ಮೂಲೆ ಸೇರಿದವು. ಅಮೋನಿಯಾ ಇಲ್ಲ, ನೈಟ್ರೈಟ್ ಇಲ್ಲ. ನೀರು ಬದಲಾಯಿಸಿದ ದಿನ ಚೇತರಿಸಿಕೊಂಡು, ನಾಲ್ಕನೇ ದಿನಕ್ಕೆ ಮತ್ತೆ ಮೂಲೆ. ನಾನು ಔಷಧಿ ಹುಡುಕುತ್ತಿದ್ದೆ. ಕೊನೆಗೆ ನಲ್ಲಿ ನೀರಿನ ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ ಅಳೆದರೆ 3 ಡಿಗ್ರಿ, ತೊಟ್ಟಿಯದು 9. ಒಂದು ಚಿಟಿಕೆ ಮರಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ದುಂಡು ಹರಳುಗಳ ನಡುವೆ ಚಪ್ಪಟೆ ಚೂರುಗಳು, ಕೆಲವದರ ಮೇಲೆ ಸಣ್ಣ ಗೀರುಗೀರು. ಚಿಪ್ಪಿನ ಚೂರು.

ಚಿಪ್ಪು, ಹವಳ, ಸುಣ್ಣಕಲ್ಲು, ಅರಗೊನೈಟ್ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಇದನ್ನು ನಿಧಾನವಾಗಿ ತಿನ್ನುತ್ತದೆ. ಕ್ಯಾಲ್ಸಿಯಂ ಬಿಡುಗಡೆಯಾಗಿ ಜಿಎಚ್, ಅಂದರೆ ಒಟ್ಟು ಗಡಸುತನ ಏರುತ್ತದೆ, ಬೈಕಾರ್ಬೊನೇಟ್ ಸೇರಿ ಕೆಎಚ್ ಏರುತ್ತದೆ, ಅದರ ಹಿಂದೆಯೇ ಪಿಎಚ್. ನೀರು ಮೆದುವಾಗಿದ್ದಷ್ಟೂ, ಹುಳಿಯ ಕಡೆ ವಾಲಿದಷ್ಟೂ ಕರಗುವ ವೇಗ ಹೆಚ್ಚು. ಹಾಗಾಗಿ ನೀರು ಬದಲಾಯಿಸಿದಾಗ ಇಳಿಯುವುದು, ನಾಲ್ಕು ದಿನದಲ್ಲಿ ಮತ್ತೆ ಹತ್ತುವುದು. ಈ ಏರಿಳಿತವೇ ಮೀನನ್ನು ಹಣ್ಣು ಮಾಡುವುದು. ಗಿಡಗಳಿಗೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವವರ ತೊಟ್ಟಿಯಲ್ಲಿ ಇದು ಇನ್ನೂ ಜೋರು.

ಆದರೆ ಪಿಎಚ್ ಏರಿತೆಂದು ಮರಳಿಗೆ ಶಿಕ್ಷೆ ಕೊಡುವ ಮೊದಲು ಒಂದು ಲೋಟ ನಲ್ಲಿ ನೀರನ್ನು 24 ಗಂಟೆ ಗಾಳಿಗೆ ಬಿಟ್ಟು ಮತ್ತೆ ಅಳೆಯಿರಿ. ಕೊಳವೆಬಾವಿಯಿಂದ ಬರುವ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದುಂಟು. ಅದು ಹಾರಿಹೋದಂತೆ ಪಿಎಚ್ ತಾನೇ ಏರುತ್ತದೆ, ಮರಳು ಇರಲಿ ಬಿಡಲಿ. ಲೋಟದ ನೀರೂ ತೊಟ್ಟಿಯ ನೀರೂ ಒಂದೇ ಅಂಕಿಗೆ ಬಂದು ನಿಂತರೆ ಮರಳು ನಿರಪರಾಧಿ. ಕೆಎಚ್ ಮಾತ್ರ ಗಾಳಿಗೆ ಬಿಟ್ಟರೆ ಬದಲಾಗುವುದಿಲ್ಲ. ಅದಕ್ಕೇ ಪಿಎಚ್‌ಗಿಂತ ಅದು ನಂಬಿಕಸ್ಥ ಸಾಕ್ಷಿ.

ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಕೆಎಚ್ ಮತ್ತು ಜಿಎಚ್ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ಹೆಜ್ಜೆಗುರುತು. ಜಿಎಚ್ ಮಾತ್ರ ಏರಿ ಕೆಎಚ್ ಇದ್ದಲ್ಲೇ ಇದ್ದರೆ ಜಿಪ್ಸಮ್‌ನಂಥದು ಏನೋ ಬೆರೆತಿದೆ. ಎರಡೂ ಏರದೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಒಟ್ಟು ಅಳತೆ ಮಾತ್ರ ಜಿಗಿದಿದ್ದರೆ ಉಪ್ಪಿನ ಕಡೆ ನೋಡಿ: ಸರಿಯಾಗಿ ತೊಳೆಯದ ಕಡಲ ಮರಳು ಹೀಗೆ ಮಾಡುತ್ತದೆ. ಆವಿಯಾಗಿ ಇಳಿದ ನೀರಿಗೆ ತಿಂಗಳುಗಟ್ಟಲೆ ನಲ್ಲಿ ನೀರನ್ನೇ ತುಂಬಿಸುತ್ತ ಬಂದಿದ್ದರೆ ಎಲ್ಲ ಅಂಕಿಗಳೂ ಒಟ್ಟಿಗೆ ಏರಿರುತ್ತವೆ. ಅದು ನಮ್ಮದೇ ಕೈಕೆಲಸ.

ಇಷ್ಟಾದ ಮೇಲೂ ಇಂಥ ಮರಳು ‘ಕೆಟ್ಟದ್ದು’ ಅಂತ ಹೇಳಲಾರೆ. ಆಫ್ರಿಕಾದ ಮಲಾವಿ, ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರದ ನೀರೇ ಬೇಕು. ಅವುಗಳ ತೊಟ್ಟಿಗೆ ಅರಗೊನೈಟ್ ಮರಳು ವರ. ಸಮುದ್ರ ನೀರಿನ ತೊಟ್ಟಿಗೂ ಅಷ್ಟೇ. ಅಮೆಜಾನ್ ಕಡೆಯ ಟೆಟ್ರಾ, ಡಿಸ್ಕಸ್‌ಗಳಿಗೆ ಮಾತ್ರ ಅದು ಶಾಪ. ‘ಸುರಕ್ಷಿತ ಮರಳು ಯಾವುದು’ ಅಂತ ಕೇಳುವವರಿಗೆ ‘ಯಾವ ಮೀನಿಗೆ’ ಅಂತ ತಿರುಗಿ ಕೇಳುವುದು ಈ ಕಾರಣಕ್ಕೆ.

ವಿನೆಗರ್ ಹಾಕಿ ನೋಡುವುದು, ಮೋಸ ಹೋಗದೆ

ಎಲ್ಲರೂ ಹೇಳುವ ಪರೀಕ್ಷೆ ಇದು, ಅರ್ಧಂಬರ್ಧ ಮಾಡುವವರೇ ಹೆಚ್ಚು. ನಾನೂ ಆ ಬಿಳಿ ಮರಳಿಗೆ ಮೊದಲೇ ವಿನೆಗರ್ ಹಾಕಿ ನೋಡಿದ್ದೆ, ಪಾಸಾಗಿತ್ತು. ಯಾಕೆಂದರೆ ತೊಳೆದ ಒದ್ದೆ ಮರಳಿಗೆ ಹಾಕಿದ್ದೆ, ಮೊದಲೇ ನೀರಾಗಿರುವ ವಿನೆಗರ್ ಇನ್ನಷ್ಟು ನೀರಾಯಿತು.

ಸರಿಯಾದ ಕ್ರಮ: ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಚಮಚ ಮರಳು ತೆಗೆದು ಕಲಸಿ ಪೂರ್ತಿ ಒಣಗಿಸಿ. ಎರಡು ಗಾಜಿನ ಬಟ್ಟಲಿಗೆ ಸಮನಾಗಿ ಹಂಚಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಏನೂ ಬೆರೆಸದ ಬಿಳಿ ವಿನೆಗರ್, ಮರಳು ಮುಳುಗುವಷ್ಟು. ಎರಡರಲ್ಲೂ ಗುಳ್ಳೆ ಏಳುತ್ತದೆ, ಗಾಬರಿ ಬೇಡ. ಒಣ ಮರಳಿನ ಸಂದಿಯಲ್ಲಿದ್ದ ಗಾಳಿ ಅದು. ದಪ್ಪ ಗುಳ್ಳೆ, ನಾಲ್ಕಾರು ಎದ್ದು ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಕಾರ್ಬೊನೇಟಿನ ಗುಳ್ಳೆ ಬೇರೆ ಜಾತಿ: ಸಾಸಿವೆಗಿಂತ ಸಣ್ಣದು, ಒಂದೇ ಹರಳಿನಿಂದ ಸಾಲಾಗಿ ಏಳುತ್ತಲೇ ಇರುತ್ತದೆ, ನಿಮಿಷ ಕಳೆದರೂ ನಿಲ್ಲುವುದಿಲ್ಲ. ಬಟ್ಟಲನ್ನು ಕಿವಿಯ ಹತ್ತಿರ ಹಿಡಿದರೆ ಸೋಡಾ ಬಾಟಲಿ ತೆರೆದ ಮೇಲಿನ ಸಣ್ಣ ಚಿಟಚಿಟ ಸದ್ದು. ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೆ ಯಾವ ಹರಳು ಗುಳ್ಳೆ ಬಿಡುತ್ತಿದೆ, ಯಾವುದು ಸುಮ್ಮನಿದೆ ಅಂತ ಎಣಿಸಲೂ ಆಗುತ್ತದೆ. ಕೆಲವೇ ಹರಳು ಬಿಡುತ್ತಿದ್ದರೆ ಅದು ಸಿಲಿಕಾ ಮರಳಿನಲ್ಲಿ ಬೆರೆತ ಚಿಪ್ಪು.

ಅಡುಗೆಮನೆಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ 5 ಶೇಕಡಾ ಆಸುಪಾಸು, ದುರ್ಬಲ ಆಮ್ಲ. ಡಾಲಮೈಟ್‌ನಂಥ ಕಾರ್ಬೊನೇಟ್ ಕಲ್ಲು ಇದಕ್ಕೆ ಜಗ್ಗುವುದಿಲ್ಲ, ಪುಡಿಮಾಡಿ ಹಾಕಿದರೆ ಮಾತ್ರ ಸ್ವಲ್ಪ ಮಿಡುಕುತ್ತದೆ. ಆದ್ದರಿಂದ ಗುಳ್ಳೆ ಬಂದರೆ ‘ಹೌದು’ ಅಂತ ನಂಬಿ, ಬರದಿದ್ದರೆ ‘ಇಲ್ಲ’ ಅಂತ ನಂಬಬೇಡಿ. ವಿನೆಗರ್ ಹಾಕಿದ ಮರಳನ್ನು ತೊಟ್ಟಿಗೆ ಹಾಕದೆ ಎಸೆದುಬಿಡಿ.

ಎರಡು ಬಾಟಲಿ, ಒಂದು ವಾರ

ಇದು ಆಗಬೇಕಾದ ಪರೀಕ್ಷೆ. 1 ಲೀಟರಿನ ಎರಡು ಬಾಟಲಿ, ಸೋಪು ತಾಗಿಸದೆ ತೊಳೆದದ್ದು. ಒಂದರಲ್ಲಿ ಕಾಲು ಭಾಗ ತೊಳೆದ ಮರಳು, ಮೇಲೆ ನೀರು. ಇನ್ನೊಂದರಲ್ಲಿ ಅದೇ ನೀರು, ಮರಳಿಲ್ಲದೆ. ಆರ್‌ಓ ನೀರು ಸಿಕ್ಕರೆ ಉತ್ತಮ, ಅದರಲ್ಲಿ ಗಡಸುತನ ಕಡಿಮೆ ಇರುವುದರಿಂದ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಮೊದಲ ದಿನ, ಮೂರನೇ ದಿನ, ಏಳನೇ ದಿನ ಎರಡರಲ್ಲೂ ಪಿಎಚ್, ಕೆಎಚ್, ಜಿಎಚ್, ಮೀಟರ್ ಇದ್ದರೆ ಟಿಡಿಎಸ್ ಅಳೆದು ಬರೆದಿಡಿ. ದಿನಕ್ಕೊಮ್ಮೆ ಬಾಟಲಿ ತಿರುಗಿಸಿ ಅಲುಗಾಡಿಸಿ. ಮರಳಿನ ಬಾಟಲಿಯನ್ನು ಎರಡನೆಯದರ ಜೊತೆ ಹೋಲಿಸಬೇಕೇ ಹೊರತು ಮೊದಲ ದಿನದ ತನ್ನದೇ ಅಂಕಿಯ ಜೊತೆಗಲ್ಲ. ನೀರು ಒಂದು ವಾರದಲ್ಲಿ ತಾನಾಗಿ ಬದಲಾದದ್ದನ್ನು ಕಳೆಯುವುದಕ್ಕೇ ಆ ಎರಡನೇ ಬಾಟಲಿ ಇರುವುದು.

ಹನಿ ಹಾಕಿ ಅಳೆಯುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ 5 ಮಿಲಿ ನೀರಿಗೆ ಒಂದು ಹನಿ ಅಂದರೆ ಒಂದು ಡಿಗ್ರಿ. 10 ಮಿಲಿ ನೀರು ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಗ್ರಿಯಾಗುತ್ತದೆ. ಕಿಟ್ ಬೇಗ ಖಾಲಿಯಾಗುತ್ತದೆ, ಆದರೆ ಈ ಪರೀಕ್ಷೆಗೆ ಆ ಸೂಕ್ಷ್ಮ ಬೇಕು. ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ.

ಬಾಟಲಿಯಲ್ಲಿ ಒಂದು ಪಾಲು ಮರಳಿಗೆ ಮೂರು ಪಾಲು ನೀರಿದೆ. ಸಾಧಾರಣ ತೊಟ್ಟಿಯಲ್ಲಿ ಒಂದಕ್ಕೆ ಏಳೆಂಟು. ಅಂದರೆ ಬಾಟಲಿ ತೊಟ್ಟಿಗಿಂತ ಕಟ್ಟುನಿಟ್ಟಿನ ಮೇಷ್ಟ್ರು. ಅಲ್ಲಿ ಒಂದು ಡಿಗ್ರಿಯೊಳಗಿನ ವ್ಯತ್ಯಾಸ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಡಿಗ್ರಿ ದಾಟಿದರೆ ಮೆದು ನೀರಿನ ಮೀನಿಗೆ ಆ ಮರಳು ಬೇಡ.

ಇದೇ ಬಾಟಲಿಯಲ್ಲಿ ಬಣ್ಣದ ಮರಳಿನ ಬಣ್ಣವೂ ಬಯಲಾಗುತ್ತದೆ. ಬೆಚ್ಚಗಿನ ನೀರು ಹಾಕಿ ಎರಡು ದಿನ ಬಿಟ್ಟು, ಆ ಮರಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ತಿಕ್ಕಿ. ಬಟ್ಟೆಗೆ ಬಣ್ಣ ಹತ್ತಿದರೆ, ನೀರಿನ ಮೇಲೆ ಎಣ್ಣೆಯ ಪರೆ ಕಂಡರೆ, ಮುಚ್ಚಳ ತೆಗೆದಾಗ ಪೇಂಟಿನ ವಾಸನೆ ಬಂದರೆ ಮಾತು ಮುಗಿಯಿತು. ಒಂದು ಮಿತಿ ನೆನಪಿರಲಿ: ಕೀಟನಾಶಕ, ಭಾರಲೋಹಗಳನ್ನು ಈ ಬಾಟಲಿ ಹಿಡಿದುಕೊಡುವುದಿಲ್ಲ. ತಾಮ್ರಕ್ಕೆ ಬೇರೆ ಕಿಟ್ ಇದೆ, ಸೀಗಡಿ ಸಾಕುವವರು ಅದನ್ನು ಬಿಡಬಾರದು. ಮೀನು ತಾಳಿಕೊಳ್ಳುವಷ್ಟು ತಾಮ್ರ ಸೀಗಡಿಯನ್ನು ಕೊಲ್ಲುತ್ತದೆ.

ನೀರು ಕದಡಿದೆ

ಯಾವಾಗ ಕದಡಿತು ಅನ್ನುವುದರಲ್ಲೇ ಮುಕ್ಕಾಲು ಉತ್ತರವಿದೆ. ನೀರು ತುಂಬಿಸಿದ ಕೂಡಲೇ ಬಗ್ಗಡವಾಗಿದ್ದರೆ ಮರಳಿನ ದೂಳು. ಒಮ್ಮೆ ತಿಳಿಯಾಗಿ, ಮೂರನೆಯದೋ ಐದನೆಯದೋ ದಿನ ಹಾಲು ಬೆರೆಸಿದಂತಾದರೆ ಬ್ಯಾಕ್ಟೀರಿಯಾ. ಹಸಿರಾದರೆ ಪಾಚಿ, ಅದಕ್ಕೂ ಮರಳಿಗೂ ಸಂಬಂಧವಿಲ್ಲ.

ಖಾತ್ರಿಗೆ ಒಂದು ಲೋಟ ತೊಟ್ಟಿ ನೀರನ್ನು ರಾತ್ರಿ ಅಲುಗಾಡದ ಕಡೆ ಇಟ್ಟು ಬೆಳಿಗ್ಗೆ ನೋಡಿ. ತಳದಲ್ಲಿ ಮಡ್ಡಿ ಕೂತು ಮೇಲೆ ತಿಳಿಯಾಗಿದ್ದರೆ ದೂಳು. ಬಿಳಿಚಿಕೊಂಡು ಹಾಗೆಯೇ ಇದ್ದರೆ ಬ್ಯಾಕ್ಟೀರಿಯಾ. ಕಂದು ಛಾಯೆಯಲ್ಲಿ ಹಾಗೆಯೇ ತೇಲುತ್ತಿದ್ದರೆ ಜೇಡಿ. ಅದರ ಕಣಗಳು ಎಷ್ಟು ಸಣ್ಣವೆಂದರೆ ದಿನಗಟ್ಟಲೆ ಇಳಿಯುವುದಿಲ್ಲ. ಆ ಮರಳನ್ನು ಬೆರಳುಗಳ ನಡುವೆ ತಿಕ್ಕಿದರೆ ಜಾರುತ್ತದೆ, ಬೆರಳಿಗೆ ಬಣ್ಣ ಉಳಿಯುತ್ತದೆ.

ದೂಳಾದರೆ ಫಿಲ್ಟರಿನಲ್ಲಿ ನಯವಾದ ಪಾಲಿಯೆಸ್ಟರ್ ಹತ್ತಿ ಇಟ್ಟು, ಮೊದಲ ದಿನ ಕೆಲವು ಗಂಟೆಗೊಮ್ಮೆ ತೆಗೆದು ಹಿಂಡಿ. ಬ್ಯಾಕ್ಟೀರಿಯಾ ಆದರೆ ಕೈಕಟ್ಟಿ ಕೂರಿ: ಆಹಾರ ಕಡಿಮೆ, ಗಾಳಿ ಹೆಚ್ಚು, ಅಮೋನಿಯಾದ ಮೇಲೆ ಕಣ್ಣು. ಜೇಡಿಯಾದರೆ ಮರಳು ಹೊರಗೆ ತೆಗೆದು ಮತ್ತೆ ತೊಳೆಯುವುದೇ ಕಡಿಮೆ ಕೆಲಸ. ಪಟಿಕ ಹಾಕಿ ತಿಳಿ ಮಾಡುವ ಯೋಚನೆ ಹಲವರಿಗೆ ಬರುತ್ತದೆ. ಕದಡು ಇಳಿಯುವುದು ನಿಜ, ಆದರೆ ಪಟಿಕ ಕೆಎಚ್ ಅನ್ನು ತಿಂದುಹಾಕುತ್ತದೆ, ಮೆದು ನೀರಿನಲ್ಲಿ ಪಿಎಚ್ ಧಡಕ್ಕನೆ ಬೀಳಬಹುದು. ಮೀನಿರುವ ತೊಟ್ಟಿಗೆ ಬೇಡವೇ ಬೇಡ.

ಕಪ್ಪು ಕಲೆ, ಗುಳ್ಳೆ, ವಾಸನೆ

ಗಾಜಿನ ಬದಿಯಿಂದ ನೋಡಿದಾಗ ಮರಳಿನ ಒಳಗೆ ಕಪ್ಪು ಪಟ್ಟಿ ಕಾಣುತ್ತದೆ. ಎರಡು ಸಾಧ್ಯತೆ. ಬೆಳಕು ಬೀಳುವ ಗಾಜಿನ ಅಂಚಿನಲ್ಲಿ ಬೆಳೆದ ಕಡುಹಸಿರು ಪಾಚಿ ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ಆ ಜಾಗಕ್ಕೆ ಹೊರಗಿನಿಂದ ಒಂದು ಕಪ್ಪು ಕಾಗದದ ಪಟ್ಟಿ ಅಂಟಿಸಿ, ವಾರ ಹತ್ತು ದಿನ ಬಿಟ್ಟು ತೆಗೆದು ನೋಡಿ. ಮಾಸಿದ್ದರೆ ಪಾಚಿ. ಬೆಳಕಿಲ್ಲದೆಯೂ ಹಾಗೆಯೇ ಇದ್ದರೆ ಆಮ್ಲಜನಕವಿಲ್ಲದ ಮರಳು.

ಎರಡನೆಯದಕ್ಕೆ ಇನ್ನೊಂದು ಪರೀಕ್ಷೆ ನನಗೆ ಇಷ್ಟ. ಸಣ್ಣ ಪೈಪಿನಿಂದ ಒಂದು ಚಮಚದಷ್ಟು ಕಪ್ಪು ಮರಳು ಹೀರಿ ಬಿಳಿ ತಟ್ಟೆಗೆ ಹಾಕಿ. ಮೂಗು ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ತಟ್ಟೆಯನ್ನು ಗಾಳಿಯಲ್ಲಿ ಬಿಟ್ಟು ಬೇರೆ ಕೆಲಸ ನೋಡಿಕೊಂಡು ಬನ್ನಿ. ಇದ್ದಿಲಿನಂತಿದ್ದ ಮರಳು ಅಂಚಿನಿಂದ ಬೂದುಗಂದಾಗುತ್ತ ಬಂದಿರುತ್ತದೆ. ಕಪ್ಪು ಬಣ್ಣ ಕೊಟ್ಟಿದ್ದು ಕಬ್ಬಿಣದ ಸಲ್ಫೈಡ್, ಗಾಳಿ ತಾಗಿದರೆ ಅದು ಉಳಿಯುವುದಿಲ್ಲ. ಮರಳಿನ ಸಹಜ ಬಣ್ಣವೇ ಕಪ್ಪಾಗಿದ್ದರೆ ಎಷ್ಟು ಹೊತ್ತಾದರೂ ಹಾಗೆಯೇ ಇರುತ್ತದೆ.

ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಮೀನಿಗೆ ಬಹಳ ಕಡಿಮೆ ಪ್ರಮಾಣದಲ್ಲೂ ವಿಷ. ಪಿಎಚ್ ಕಡಿಮೆಯಿದ್ದಷ್ಟೂ ಅದರ ವಿಷರೂಪ ಹೆಚ್ಚು. ಸಮಾಧಾನದ ವಿಷಯವೆಂದರೆ ಆಮ್ಲಜನಕ ಚೆನ್ನಾಗಿರುವ ನೀರಿಗೆ ಬಂದೊಡನೆ ಅದು ಬೇಗ ಮುರಿದುಹೋಗುತ್ತದೆ. ಆದ್ದರಿಂದ ಸುಮ್ಮನೆ ಇರುವ ಕಪ್ಪು ಕಲೆಗಿಂತ, ಅದನ್ನು ಕಂಡು ಗಾಬರಿಯಾಗಿ ಇಡೀ ತಳ ಒಂದೇ ಸಲ ಉಳುವ ಕೈ ಅಪಾಯ. ಗುಳ್ಳೆ ಏಳುತ್ತದೆ, ವಾಸನೆ ಇಲ್ಲ ಅಂದರೆ ಹೆಚ್ಚಿನ ಪಾಲು ಅದು ಸಿಕ್ಕಿಕೊಂಡ ಗಾಳಿ ಅಥವಾ ನೈಟ್ರೇಟ್ ಒಡೆದು ಬಂದ ನೈಟ್ರೋಜನ್, ತೊಂದರೆಯಿಲ್ಲ.

ಕಾರಣ ಮೂರರಲ್ಲೊಂದು: ಮರಳು ತೀರಾ ನುಣ್ಣಗಿದೆ, ತೀರಾ ದಪ್ಪಗೆ ಹಾಸಿದೆ, ಇಲ್ಲವೇ ಆಹಾರ ಹೆಚ್ಚಾಗಿ ಒಳಗೆ ಕೊಳೆಯುತ್ತಿದೆ. ಗಿಡವಿಲ್ಲದ ತೊಟ್ಟಿಗೆ 3ರಿಂದ 4 ಸೆಂಟಿಮೀಟರ್ ಸಾಕು. ಬೇರು ಬಿಡುವ ಗಿಡಗಳಿದ್ದರೆ 5ರಿಂದ 7 ಹೋಗಬಹುದು, ಬೇರುಗಳು ಒಳಕ್ಕೆ ಆಮ್ಲಜನಕ ಒಯ್ಯುತ್ತವೆ. ಸರಿಪಡಿಸುವಾಗ ತಳವನ್ನು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗದಂತೆ ತೆಳು ಕಡ್ಡಿಯಿಂದ ಚುಚ್ಚಿ. ಗಾಳಿ ಪಂಪ್ ಜೋರಾಗಿರಲಿ, ಅದೇ ದಿನ ನೀರೂ ಬದಲಾಗಲಿ. ಮರಳೊಳಗೆ ಹೂತು ಓಡಾಡುವ ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳು ಈ ಕೆಲಸ ಸಂಬಳವಿಲ್ಲದೆ ಮಾಡುತ್ತವೆ. ಆಹಾರ ಹೆಚ್ಚಾದರೆ ಅವೂ ಹೆಚ್ಚುತ್ತವೆ; ಒಂದು ಬೆಳಿಗ್ಗೆ ಗಾಜಿನ ತುಂಬಾ ಅವೇ ಕಂಡರೆ ಅದನ್ನು ನಿಮ್ಮ ಕೈಯ ಮೇಲಿನ ದೂರು ಅಂತ ಓದಿಕೊಳ್ಳಿ.

ಕೊರಿಡೋರಾಸ್‌ನ ಮೀಸೆ ಮೊಂಡಾಗಿದೆ

ಕೊರಿಡೋರಾಸ್ ಮೀನು ಮೂತಿಯನ್ನು ಕಣ್ಣಿನವರೆಗೆ ಮರಳಿಗೆ ತೂರಿ, ಬಾಯ್ತುಂಬ ತೆಗೆದು, ತಿನ್ನುವುದನ್ನು ಉಳಿಸಿಕೊಂಡು ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಜಿಯೋಫೇಗಸ್ ಜಾತಿಯ ಸಿಕ್ಲಿಡ್‌ಗಳೂ ಹೀಗೆಯೇ. ಆ ಹೆಸರಿನ ಅರ್ಥವೇ ಮಣ್ಣು ತಿನ್ನುವುದು ಅಂತ. ಇವುಗಳ ಪಾಲಿಗೆ ಮರಳು ನೆಲ ಮಾತ್ರವಲ್ಲ, ದಿನವಿಡೀ ಬಾಯಿ ಕಿವಿರು ದಾಟಿ ಹೋಗುವ ವಸ್ತು.

ಮೀಸೆ ಸವೆದರೆ ಹರಳಿನ ಚೂಪನ್ನು ಮಾತ್ರ ದೂರುವುದು ರೂಢಿ. ಕೊಳೆತ ತಳದ ಬ್ಯಾಕ್ಟೀರಿಯಾ ಕೂಡ ಅಷ್ಟೇ ಚೆನ್ನಾಗಿ ಮೀಸೆ ತಿನ್ನುತ್ತದೆ. ಬೇರ್ಪಡಿಸುವುದು ಹೀಗೆ: ಮೀಸೆಯ ತುದಿ ಕೆಂಪಾಗಿ ಊದಿದೆಯೇ, ಅಥವಾ ಬಿಳಿ ನಾರು ಹಿಡಿದಿದೆಯೇ ನೋಡಿ, ನೈಟ್ರೇಟ್ ಅಳೆಯಿರಿ, ಸೈಫನ್ ಪೈಪನ್ನು ಮರಳಿನ ಮೇಲೆ ತೇಲಿಸಿ ಎಷ್ಟು ಕೊಳೆ ಬರುತ್ತದೆ ನೋಡಿ. ಊತವಿದ್ದು, ನೈಟ್ರೇಟ್ ಏರಿದ್ದು, ಬಕೆಟ್ಟಿನ ನೀರು ಕಂದಾದರೆ ಮೊದಲು ಎರಡು ಮೂರು ವಾರ ತಳ ಚೊಕ್ಕಟ ಮಾಡಿ ನೋಡಿ. ಎಲ್ಲ ಚೊಕ್ಕಟವಿದ್ದೂ ಮೀಸೆ ಸವೆಯುತ್ತಿದ್ದರೆ ಹರಳನ್ನು ಹಿಡಿಯಿರಿ. ಒಣ ಮರಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹೊರಳಿಸಿ: ದುಂಡು ಹರಳು ಉರುಳುತ್ತದೆ, ಮೂಲೆಯ ಹರಳು ಚರ್ಮಕ್ಕೆ ಕಚ್ಚಿ ನಿಲ್ಲುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಒಡೆದ ಗಾಜಿನ ಚೂರಿನಂತೆ ಕಂಡರೆ ಆ ಮರಳು ಈ ಮೀನಿಗಲ್ಲ. ಮೀಸೆಯ ಬುಡ ಉಳಿದಿದ್ದರೆ ಒಳ್ಳೆಯ ತಳದ ಮೇಲೆ ಅದು ಮತ್ತೆ ಬೆಳೆಯುತ್ತದೆ.

ಫಿಲ್ಟರ್ ಗರಗರ ಅನ್ನುತ್ತದೆ, ಗಾಜಿಗೆ ಗೀರು ಬಿದ್ದಿದೆ

ಇಂಪೆಲ್ಲರಿಗೆ, ಅಂದರೆ ಫಿಲ್ಟರಿನೊಳಗೆ ತಿರುಗುತ್ತ ನೀರು ತಳ್ಳುವ ರೆಕ್ಕೆಗೆ ಮರಳು ಹೋಗಿದೆ. ಪ್ಲಗ್ ಕಿತ್ತು, ಇಂಪೆಲ್ಲರ್ ಎಳೆದು, ಅದರ ಗುಂಡಿಯನ್ನು ನೀರಿನಲ್ಲಿ ಜಾಲಿಸಿ. ನೀರು ಹೀರುವ ಬಾಯಿ ಮರಳಿಗಿಂತ ಕನಿಷ್ಠ 5 ಸೆಂಟಿಮೀಟರ್ ಮೇಲಿರಲಿ, ಅದಕ್ಕೊಂದು ಸ್ಪಂಜು ತೊಡಿಸಿ. ಮರಳು ಕೆದಕುವ ಮೊದಲು ಫಿಲ್ಟರ್ ಆರಿಸಿ, ಕಾಲು ಗಂಟೆ ಬಿಟ್ಟು ಹಾಕಿ. ಕಪ್ಪು ಮರಳು ಹಾಕಿದವರು ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮರಳಿನ ಮೇಲೆ ಆಡಿಸಿ ನೋಡಿ. ಮ್ಯಾಗ್ನೆಟೈಟ್ ಇದ್ದರೆ ಗಡ್ಡದಂತೆ ನೇತುಬೀಳುತ್ತದೆ; ಇಂಪೆಲ್ಲರಿನ ಒಳಗಿರುವುದೂ ಆಯಸ್ಕಾಂತವೇ, ಆ ಮರಳು ಅಲ್ಲಿಗೇ ಹೋಗಿ ಕೂರುತ್ತದೆ. ಗಾಜು ಒರೆಸುವ ಮ್ಯಾಗ್ನೆಟ್ಟಿನ ಅಡಿಗೆ ಒಂದೇ ಹರಳು ಸಿಕ್ಕರೂ ಗೀರು ಖಚಿತ, ಸ್ಫಟಿಕಶಿಲೆ ಗಾಜಿಗಿಂತ ಗಟ್ಟಿ. ಮರಳಿನಿಂದ ಎರಡು ಬೆರಳು ಮೇಲೆಯೇ ನಿಲ್ಲಿಸಿ.

ಕಂದು ಪಾಚಿಗೆ ಸಿಲಿಕಾ ಮರಳೇ ಕಾರಣವೇ?

ಹೆಚ್ಚಾಗಿ ಅಲ್ಲ. ಈ ಕಂದು ಪಾಚಿ ಅಂದರೆ ಡಯಾಟಮ್‌ಗಳು; ಅವಕ್ಕೆ ಸಿಲಿಕಾ ಬೇಕು ನಿಜ, ಆದರೆ ಸ್ಫಟಿಕ ಮರಳು ನೀರಿನಲ್ಲಿ ಕರಗುವುದು ಅತಿ ಕಡಿಮೆ; ನಲ್ಲಿ ನೀರಿನಲ್ಲಿ ಕರಗಿಯೇ ಬರುವ ಸಿಲಿಕೇಟ್ ಅವಕ್ಕೆ ಸಿದ್ಧ ಊಟ. ಹೊಸ ತೊಟ್ಟಿಯಲ್ಲಿ ಕೆಲವು ವಾರ ಬಂದು ಹೋಗುತ್ತದೆ. ಒರೆಸಿ, ಮರೆತುಬಿಡಿ.

ಹಾಗಾದರೆ ಯಾವ ಮರಳು?

ನನ್ನ ಮೊದಲ ಆಯ್ಕೆ ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು. ಜರಡಿ ಹಿಡಿದದ್ದು, ದೂಳು ಕಡಿಮೆ, ಹರಳು ಸಾಮಾನ್ಯವಾಗಿ 0.45ರಿಂದ 0.85 ಮಿಲಿಮೀಟರ್, ಸಕ್ಕರೆ ಹರಳಿನ ಆಸುಪಾಸು. ಕೊಳೆ ಮೇಲೆಯೇ ನಿಲ್ಲುತ್ತದೆ, ಮರಳು ಒತ್ತೊತ್ತಾಗಿ ಗಟ್ಟಿಯಾಗುವುದಿಲ್ಲ. ಅಕ್ವೇರಿಯಂಗೆಂದೇ ಮಾರುವ ಬಣ್ಣ ಹಾಕದ ಮರಳೂ ಸರಿ. ಮಕ್ಕಳು ಆಡುವ ಮರಳು ಇನ್ನೂ ನುಣುಪು, ಹೆಚ್ಚು ತೊಳೆಯಬೇಕು, ತೆಳುವಾಗಿ ಹಾಸಬೇಕು.

ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ನನಗೆ ಸೇರದು: ಮೂಲೆಗಳು ಚೂಪು, ಕಲ್ಲುಪುಡಿ ಎಷ್ಟು ತೊಳೆದರೂ ಮುಗಿಯದು. ಮೇಲೆ ಮೇಲೆ ಈಜುವ ಮೀನು ಮಾತ್ರ ಇದ್ದರೆ ಸಹಿಸಬಹುದೇನೋ. ಕಟ್ಟಡ ಕೆಲಸದ ಜಾಗದಲ್ಲಿ ರಾಶಿ ಬಿದ್ದ ಮರಳಿಗೆ ಸಿಮೆಂಟ್ ಸೇರಿರುತ್ತದೆ, ಸಿಮೆಂಟ್ ಪಿಎಚ್ ಅನ್ನು ಎತ್ತಿ ಎಸೆಯುತ್ತದೆ. ಕಡಲ ಮರಳಿನಲ್ಲಿ ಉಪ್ಪು, ಚಿಪ್ಪು ಎರಡೂ. ಹೊಳೆಯ ಮರಳು ನೋಡಲು ಎಲ್ಲಕ್ಕಿಂತ ಸಹಜ, ಆದರೆ ಮೇಲ್ಗಡೆ ಹೊಲಗಳಿದ್ದರೆ ಏನು ಹರಿದು ಬಂದಿದೆಯೋ ಬಾಟಲಿ ಹೇಳುವುದಿಲ್ಲ. ಅನೇಕ ಕಡೆ ಹೊಳೆ, ಕಡಲಿನಿಂದ ಮರಳು ತೆಗೆಯುವುದು ಕಾನೂನಿಗೆ ವಿರುದ್ಧ ಕೂಡ. ಲೋಹದ ತುಕ್ಕು ಉಜ್ಜಿ ತೆಗೆಯಲು ರಭಸದಿಂದ ಊದುವ ಮರಳುಗಳಲ್ಲಿ ತಾಮ್ರದ ಕಿಟ್ಟದ್ದೂ ಇರುತ್ತದೆ. ಏನೆಂದು ಗೊತ್ತಿಲ್ಲದ ಕಪ್ಪು ಹರಳನ್ನು ಅಗ್ಗವೆಂದು ತರಬೇಡಿ.

ಎಷ್ಟು ಬೇಕೆಂಬ ಲೆಕ್ಕ ಸುಲಭ. ಉದ್ದ, ಅಗಲ, ಮರಳಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್, ಅದನ್ನು 1.6ರಿಂದ ಗುಣಿಸಿದರೆ ಸುಮಾರು ಕಿಲೋ. 60 × 30 ತೊಟ್ಟಿಗೆ 4 ಸೆಂಟಿಮೀಟರ್ ಅಂದರೆ 7.2 ಲೀಟರ್, ಹನ್ನೊಂದೂವರೆ ಕಿಲೋ.

ತೊಳೆಯುವುದು, ಹಾಕುವುದು

ಚೀಲ ಒಡೆಯುವ ಮೊದಲು ಮೂಗಿಗೆ ಮಾಸ್ಕ್. ಒಣ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ, ಮೀನಿಗಿಂತ ಮೊದಲು ನಿಮ್ಮ ಸುರಕ್ಷತೆ. ಮೇಲೆ ಸ್ವಲ್ಪ ನೀರು ಚಿಮುಕಿಸಿ ಆಮೇಲೆ ಸುರಿಯಿರಿ.

ಬಕೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮರಳು ಬೇಡ. ಪೈಪಿನ ತುದಿಯನ್ನು ಬಕೆಟ್ಟಿನ ತಳಕ್ಕೆ ಮುಟ್ಟಿಸಿ ನೀರು ಬಿಡಿ, ಇನ್ನೊಂದು ಕೈಯಿಂದ ಅಡಿಯಿಂದ ಮೇಲಕ್ಕೆ ಮಗುಚಿ, ಕೈ ನಿಲ್ಲಿಸಿ ಐದು ಸೆಕೆಂಡ್ ಬಿಟ್ಟು ಬಗ್ಗಡ ಚೆಲ್ಲಿ. ಹತ್ತು ಸಲ, ಕೆಲವೊಮ್ಮೆ ಇಪ್ಪತ್ತು ಸಲ. ಕಲಕಿ ಬಿಟ್ಟ ಹದಿನೈದು ಸೆಕೆಂಡಿನಲ್ಲಿ ಬಕೆಟ್ಟಿನ ತಳದ ಮರಳು ಮೇಲಿನಿಂದ ಕಂಡರೆ ಸಾಕು. ಅದಕ್ಕಿಂತ ಚೊಕ್ಕಟಕ್ಕೆ ಹಟ ಮಾಡಿದರೆ ಬೆನ್ನು ಹೋಗುತ್ತದೆ. ಆ ನೀರನ್ನು ಬಚ್ಚಲಿಗೆ ಬಿಡಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಗಿಡದ ಬುಡಕ್ಕೆ ಹಾಕಿ.

ತೊಟ್ಟಿಯಲ್ಲಿ ಭಾರದ ಕಲ್ಲುಗಳಿದ್ದರೆ ಮೊದಲು ಅವನ್ನು ಗಾಜಿನ ತಳಕ್ಕೆ ಕೂರಿಸಿ, ಸುತ್ತ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಅಗೆಯುವ ಮೀನು ಒಂದು ರಾತ್ರಿ ಅದನ್ನು ಉರುಳಿಸುತ್ತದೆ. ನೀರನ್ನು ಒಂದು ತಟ್ಟೆಯ ಮೇಲೆ ನಿಧಾನವಾಗಿ ಬಿಡಿ.

ಮೀನಿರುವ ಹಳೆಯ ತೊಟ್ಟಿಯಲ್ಲಿ ಮರಳು ಬದಲಿಸಬೇಕಾಗಿ ಬಂದರೆ ಒಮ್ಮೆಗೆ ಮೂರನೇ ಒಂದು ಭಾಗ, ನಡುವೆ ಎರಡು ವಾರ ಬಿಡುವು. ಹಳೆಯ ಮರಳಿನ ಜೊತೆ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ, ಆ ದಿನಗಳಲ್ಲಿ ಫಿಲ್ಟರ್ ತೊಳೆಯಬೇಡಿ, ದಿನವೂ ಅಮೋನಿಯಾ ನೈಟ್ರೈಟ್ ಅಳೆಯಿರಿ. ಹಾಕಿ ಉಳಿದ ಹೊಸ ಮರಳಿನಲ್ಲಿ ಒಂದು ಬಾಟಲಿಯಷ್ಟನ್ನು ಒಣಗಿಸಿ, ತಂದ ದಿನಾಂಕ ಬರೆದು ಎತ್ತಿಡಿ. ಆರು ತಿಂಗಳ ಮೇಲೆ ಕೆಎಚ್ ಏರಿ ಮತ್ತೆ ಅನುಮಾನ ಬಂದಾಗ, ತೊಟ್ಟಿ ಕೆದಕದೆ ಆ ಬಾಟಲಿಗೇ ನೀರು ಹಾಕಿ ಕೇಳಬಹುದು.